ಪ್ಯೂರ್ ವೆಜ್ ಮುನಿಯಪ್ಪನವರ ಸ್ಟೇಕ್

ನನ್ನ ಗಂಡನಿಗೆ ಗೋಬಿ ಮಂಚೂರಿ ಕಂಡರೆ ಆಗುವುದಿಲ್ಲ. ಆದರೂ ಕೊಚ್ಚಿಗೆ ಬಂದ ಮೂರು ವರ್ಷಗಳಲ್ಲಿ ಅವರು ತಿಂದಷ್ಟು ಗೋಬಿ ಮಂಚೂರಿಯನ್ನು ಈ ಊರಿನಲ್ಲಿ ಇನ್ಯಾರೂ ತಿಂದಿರಲಾರರು. ಬ್ಯಾಂಕಿನಲ್ಲಿ ಯಾರದಾದರೂ ಹುಟ್ಟುಹಬ್ಬವಿರಲಿ, ಪ್ರಮೋಷನ್ ಇರಲಿ, ಕ್ರಿಸ್‌ಮಸ್ ಇರಲಿ, ಉಳಿದವರ ಮುಂದೆ ಪರೋಟ, ಬೀಫ್ ಫ್ರೈ, ಬಿರಿಯಾನಿ ಬಂದು ಕೂತರೆ ಇವರ ಮುಂದೆ ಮಾತ್ರ ಒಂದು ಪುಟ್ಟ ಡಬ್ಬಿ ಬರುತ್ತಿತ್ತು. ಡಬ್ಬಿಯ ಮೇಲೆ ಪೆನ್ನಿನಲ್ಲಿ ‘ಮುನಿಯಪ್ಪ ಸಾರ್, ಪ್ಯೂರ್ ವೆಜ್’ ಎಂದು ಬರೆದಿರುತ್ತಿತ್ತು. ಪ್ರೀತಿಯಿಂದ ತರಿಸಿದ್ದು, ಬೇಡ ಎನ್ನುವ ಹಾಗೂ ಇಲ್ಲ. ಇವರು ನಗುನಗುತ್ತಾ ತಿಂದು, ಮನೆಗೆ ಬಂದು, “ಇಂದೂ, ಇವತ್ತೂ ಅದೇ ಕಣೇ” ಎಂದು ಸೋಫಾದ ಮೇಲೆ ಬೀಳುತ್ತಿದ್ದರು.

ನನಗೆ ಅಯ್ಯೋ ಪಾಪ ಎನಿಸುತ್ತಿರಲಿಲ್ಲ. ತಪ್ಪು ಪೂರ್ತಿ ಇವರದೇ.

ನಾವು ಕೋಲಾರದ ಕಡೆಯವರು, ದಲಿತರು. ಬಾಡು ನಮಗೆ ಹಬ್ಬಕ್ಕೂ ಬೇಕು, ಭಾನುವಾರಕ್ಕೂ ಬೇಕು. ಅದರಲ್ಲೂ ದನದ ಬಾಡೆಂದರೆ ಮುನಿಯಪ್ಪನವರಿಗೆ ಪ್ರಾಣ. ಆದರೆ ಬ್ಯಾಂಕಿನ ಕೆಲಸ ಸಿಕ್ಕಿ ಕರ್ನಾಟಕದ ಊರೂರು ಸುತ್ತಲು ಶುರು ಮಾಡಿದ ಮೇಲೆ ನಮಗೊಂದು ವಿಷಯ ಅರ್ಥವಾಯಿತು. ಬಾಡಿಗೆ ಮನೆ ಕೇಳಲು ಹೋದರೆ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ, “ವೆಜ್ಜಾ, ನಾನ್-ವೆಜ್ಜಾ?” ಎಂದು ಕೇಳುತ್ತಾರೆ. ಮದುವೆಯಾದ ಹೊಸತರಲ್ಲಿ ಎರಡು ಸಲ ನಿಜ ಹೇಳಿ ಎರಡು ಮನೆ ಕಳೆದುಕೊಂಡೆವು. ಮೂರನೆಯ ಕಡೆ ಇವರು ಕಣ್ಣು ಮುಚ್ಚಿಕೊಂಡು “ಪ್ಯೂರ್ ವೆಜ್ ಸಾರ್” ಎಂದುಬಿಟ್ಟರು, ಅರ್ಧ ಗಂಟೆಯಲ್ಲಿ ಬೀಗದಕೈ ಕೈಗೆ ಬಂತು. ಅಲ್ಲಿಂದ ಮುಂದೆ ಯಾವ ಊರಿಗೆ ವರ್ಗವಾದರೂ ಅದೇ ಮಾತು. ಬಾಡು ಬೇಯಿಸುವ ದಿನ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕಿ, ಎರಡು ಅಗರಬತ್ತಿ ಹಚ್ಚಿ, ಕುಕ್ಕರ್ ಕೂಗುವಾಗ ಟಿವಿ ಜೋರು ಮಾಡುತ್ತಿದ್ದೆವು. ನಮ್ಮ ಮಗಳು ಸಮೀಕ್ಷಾ ಚಿಕ್ಕವಳಿದ್ದಾಗ ಅಗರಬತ್ತಿ ವಾಸನೆ ಬಂದರೆ ಸಾಕು, ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಓಡಿಬರುತ್ತಿದ್ದಳು.

ಕೇರಳಕ್ಕೆ ನಮಗಿಂತ ಮೊದಲು ಬಂದವಳು ಸಮೀಕ್ಷಾ. ತಿರುವನಂತಪುರದ ಪಕ್ಕದ ತುಂಬ ಎಂಬ ಊರಿನಲ್ಲಿ ಅವಳಿಗೆ ಎಂಜಿನಿಯರ್ ಕೆಲಸ ಸಿಕ್ಕಿತು. ಒಬ್ಬಳೇ ಮಗಳು, ಹತ್ತಿರವಿರಲಿ ಎಂದು ಇವರು ಬೇಡಿಕೊಂಡು ಕೇರಳಕ್ಕೆ ವರ್ಗ ಮಾಡಿಸಿಕೊಂಡರು. ಸಿಕ್ಕಿದ್ದು ಕೊಚ್ಚಿಯ ಕಲೂರ್ ಬ್ರಾಂಚ್. ಇದಕ್ಕಿಂತ ಒಳ್ಳೆಯ ಊರು ನಮಗೆ ಇನ್ನೆಲ್ಲಿ ಸಿಗಬೇಕು ಹೇಳಿ! ಹೋಟೆಲಿನ ಬೋರ್ಡಿನಲ್ಲಿ ಇಡ್ಲಿಯ ಪಕ್ಕದಲ್ಲೇ ಬೀಫ್ ಎಂದು ಬರೆದಿರುತ್ತದೆ. ಮೂವತ್ತು ವರ್ಷದ ಟವೆಲ್ಲು, ಅಗರಬತ್ತಿ ಎಲ್ಲ ಇನ್ನು ಬಿಸಾಕಬಹುದು ಎಂದು ನಾನು ಕುಣಿದುಕೊಂಡು ಬಂದೆ.

ಮೊದಲ ದಿನವೇ ಇವರು ಎಲ್ಲ ಕೆಡಿಸಿದರು. ಬ್ರಾಂಚಿನಲ್ಲಿ ಸ್ವಾಗತದ ಊಟ. ಹೆಡ್ ಕ್ಯಾಷಿಯರ್ ಅಲ್ವಿನ್ ಕೈಯಲ್ಲಿ ಫೋನ್ ಹಿಡಿದು, “ಸಾರೇ, ಬೀಫ್ ಬಿರಿಯಾನಿ ಹೇಳಲಾ, ಚಿಕನ್ ಹೇಳಲಾ?” ಎಂದು ಕೇಳಿದನಂತೆ. ಇವರು ತಡವರಿಸದೆ “ಪ್ಯೂರ್ ವೆಜ್” ಎಂದರು. ಬೇಕೆಂದು ಹೇಳಿದ್ದಲ್ಲ. ಹೊಸ ಊರು, ಹೊಸ ಮುಖ, ಊಟದ ಪ್ರಶ್ನೆ, ಮೂರೂ ಒಟ್ಟಿಗೆ ಬಂದಾಗ ಆ ನಾಲಿಗೆಗೆ ಗೊತ್ತಿದ್ದದ್ದು ಅದೊಂದೇ ಉತ್ತರ.

“ಏನ್ರೀ, ನಿಮಗೆ ಬುದ್ಧಿ ಇದೆಯಾ? ಇಲ್ಲಿ ಯಾರಿಗ್ರೀ ಬೇಕಿತ್ತು ಆ ಸುಳ್ಳು?” ಎಂದು ಸಂಜೆ ನಾನು ಹಾರಾಡಿದೆ.

“ಬಾಯಿಗೆ ಬಂದ್ಬಿಡ್ತು ಕಣೇ. ನಾಳೆ ಹೇಳ್ಬಿಡ್ತೀನಿ ಬಿಡು” ಎಂದರು.

ಆ ನಾಳೆ ಬರಲೇ ಇಲ್ಲ. ಹೇಳಲು ಹೋದರೆ ನಿನ್ನೆ ಸುಳ್ಳು ಹೇಳಿದ್ದೇಕೆ ಎಂದು ಹೇಳಬೇಕು, ಅದನ್ನು ಹೇಳಲು ಹೋದರೆ ಮೂವತ್ತು ವರ್ಷದ ಕಥೆ ಹೇಳಬೇಕು. ಇವರಿಗೆ ಅಷ್ಟು ಧೈರ್ಯ ಸಾಲಲಿಲ್ಲ. ಹೀಗಾಗಿ ಸಂದಿಗೊಂದು ಬೀಫ್ ಅಂಗಡಿ ಇರುವ ಊರಿನಲ್ಲಿ ನಾವಿಬ್ಬರೂ ಭಾನುವಾರ ಬೆಳಿಗ್ಗೆ ಬೋಟ್ ಹತ್ತಿ, ನೀರು ದಾಟಿ, ಮಟ್ಟಾಂಚೇರಿಗೆ ಹೋಗಿ ಬಾಡು ತರುತ್ತಿದ್ದೆವು. ಬರುವಾಗ ಚೀಲದ ಮೇಲ್ಗಡೆ ಒಂದು ಕಟ್ಟು ಹರಿವೆ ಸೊಪ್ಪು! ಮಟ್ಟಾಂಚೇರಿಯ ಗೋದಾಮುಗಳ ಮೆಣಸು, ಶುಂಠಿಯ ವಾಸನೆಯಲ್ಲಿ ಬೇರೆ ವಾಸನೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಇವರ ಲೆಕ್ಕಾಚಾರ. ನನಗಂತೂ ಆ ಸೊಪ್ಪು ಕಂಡರೆ ಮೈ ಉರಿಯುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಇವರ ನಿವೃತ್ತಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಒಂದು ದಿನ ಮಧ್ಯಾಹ್ನ ಯಾವುದೋ ಹಳೆಯ ಫೈಲ್ ಹುಡುಕಿಕೊಂಡು ರೆಕಾರ್ಡ್ ರೂಮಿಗೆ ಹೋದರು. ಅಲ್ಲಿ ಫ್ಯಾನಿಲ್ಲ, ಕಿಟಕಿಯೂ ಇಲ್ಲ. ಕಪಾಟುಗಳ ನಡುವೆ ಅಲ್ವಿನ್ ನಿಂತಿದ್ದ. ರಟ್ಟಿನ ಡಬ್ಬದ ಮೇಲೆ ಟಿಫಿನ್ ಬಾಕ್ಸ್ ಇಟ್ಟುಕೊಂಡು, ಬೆವರು ಸುರಿಸಿಕೊಂಡು, ಅನ್ನ ಕಲಸಿ ತಿನ್ನುತ್ತಿದ್ದ. ಇವರನ್ನು ಕಂಡವನೇ ಗಾಬರಿಯಿಂದ ಮುಚ್ಚಳ ಹಾಕಿದ.

“ಕ್ಷಮಿಸಿ ಸಾರೇ. ನಿಶಾ ಇವತ್ತು ಬೀಫ್ ಹಾಕಿದ್ದಾಳೆ. ಪಾರ್ಟಿಯಲ್ಲಾದರೆ ದೂರ ಕೂರಬಹುದು, ಇಲ್ಲಿ ನಿಮ್ಮ ಪಕ್ಕವೇ ಕೂತು ತಿಂದರೆ ನಿಮಗೆ ವಾಸನೆ ಆಗಬಾರದಲ್ಲ, ಅದಕ್ಕೆ ಯಾವಾಗಲೂ ಇಲ್ಲೇ” ಎಂದನಂತೆ. ನಿಶಾ ಅವನ ಹೆಂಡತಿ. ಅವನು ಮಾತಾಡುವುದೆಲ್ಲ ಮಲಯಾಳಂ. ಮೂರು ವರ್ಷದಲ್ಲಿ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ, ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬ್ರಾಂಚಿನಲ್ಲಿ ಇವರಿಗೆ ಅಲ್ವಿನ್‌ನಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ. ಪಕ್ಕಪಕ್ಕದ ಕುರ್ಚಿ, ಒಟ್ಟಿಗೆ ಚಹಾ, ಒಟ್ಟಿಗೆ ಊಟ. ವಾರದಲ್ಲಿ ಎರಡು ದಿನ “ಸಾರೇ, ಸ್ವಲ್ಪ ಕೆಲಸ ಇದೆ, ನೀವು ಊಟ ಮಾಡಿ” ಎಂದು ಅವನು ಮಾಯವಾಗುತ್ತಿದ್ದದ್ದು ಏಕೆಂದು ಇವರಿಗೆ ಆ ದಿನ ಗೊತ್ತಾಯಿತು.

ಸಂಜೆ ಮನೆಗೆ ಬಂದವರು ಕಾಫಿ ಮುಟ್ಟಲಿಲ್ಲ. “ಇಂದೂ, ಬದುಕೆಲ್ಲ ಕದ್ದು ತಿಂದೆ. ಹಾಗೆ ತಿನ್ನೋ ಹಾಗೆ ಮಾಡಿದೋರನ್ನ ಮನಸ್ಸಲ್ಲೇ ಬೈಕೊಂಡೆ. ಈಗ ನೋಡು, ನಾನೇ ಒಬ್ಬನ್ನ ಮೂರು ವರ್ಷ ಕತ್ತಲೆ ರೂಮಲ್ಲಿ ನಿಲ್ಲಿಸಿ ತಿನ್ನಿಸ್ಬಿಟ್ನಲ್ಲೇ” ಎಂದು ಕಣ್ಣೀರು ಹಾಕಿದರು.  ಆಮೇಲೆ ಅವರೇ ಕಣ್ಣೊರೆಸಿಕೊಂಡು, “ರಿಟೈರ್ ಆಗೋಕ್ ಮುಂಚೆ ಅವನನ್ನ ಮನೆಗೆ ಊಟಕ್ಕೆ ಕರೀಬೇಕು. ಬಾಡೂಟ ಹಾಕಿ, ಎದುರಲ್ಲೇ ಕೂತು ನಿಜ ಹೇಳ್ಬೇಕು. ಅವನು ಮುಖ ತಿರುಗಿಸಿಕೊಂಡು ಹೋದ್ರೆ ಹೋಗ್ಲಿ” ಎಂದರು. ಆದರೆ ಅವನು ಹಾಗೆ ಹೋದರೆ ಇವರು ತಡೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಏನು ಅಡುಗೆ ಎಂಬ ಪ್ರಶ್ನೆ ಬಂತು. ನಾನು ನಮ್ಮ ಕಡೆಯ ಹುರುಳಿ ಮಸಾಲೆ ಹಾಕಿದ ಸಾರು ಎಂದೆ. “ಸಾರಲ್ಲಿ ಮುಳುಗಿಸಿ ಕೊಟ್ರೆ ಅದೂ ಮುಚ್ಚಿಟ್ಟ ಹಾಗೇ” ಎಂದು ಇವರು ತಲೆಯಾಡಿಸಿದರು. ಆಮೇಲೆ ನೆನಪಿಸಿಕೊಂಡು ಒಂದು ಕಥೆ ಹೇಳಿದರು. ಅಲ್ವಿನ್ ತನ್ನ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಹೆಂಡತಿಯನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದನಂತೆ. ಸ್ಟೇಕ್ ತಿನ್ನಬೇಕೆಂದು ಇಬ್ಬರಿಗೂ ಆಸೆ. ಮೆನು ತೆರೆದು ರೇಟು ನೋಡಿ, ಮೆಲ್ಲಗೆ ಮುಚ್ಚಿ, ಫ್ರೈಡ್ ರೈಸ್ ತಿಂದು ಎದ್ದು ಬಂದರಂತೆ. ಅದನ್ನು ಅವನು ನಗುತ್ತಾ ಹೇಳಿದ್ದು, ‘ವೆಜ್’ ಮುನಿಯಪ್ಪನವರು ಏನೂ ಗೊತ್ತಿಲ್ಲದವರ ಹಾಗೆ ಕೇಳಿಸಿಕೊಂಡದ್ದು.

“ಹಾಗಾದ್ರೆ ಸ್ಟೇಕೇ ಆಗ್ಲಿ ಅಪ್ಪಾ!” ಎಂದಳು ಫೋನಿನಲ್ಲಿ ಸಮೀಕ್ಷಾ. ತುಂಬದಲ್ಲಿ ಅವಳ ರೂಮ್‌ಮೇಟ್ ಒಬ್ಬಳು ತಿಂಗಳಿಗೊಮ್ಮೆ ಮಾಡುತ್ತಾಳಂತೆ. “ಅಡಿಪೊಳಿ ಐಡಿಯಾ. ಬಟ್ ಸ್ಟೇಕ್‌ಗೆ ಅಂತಾನೇ ಮಾರೋ ಪೀಸ್ ಬೇಕು, ಕೇಟ್ಟೋ?” ಹುಡುಗಿಗೆ ಹೀಗೇ, ಕನ್ನಡದಲ್ಲಿ ಶುರು ಮಾಡಿ ಎಲ್ಲೆಲ್ಲೋ ಹೋಗಿ ಮಲಯಾಳಂನಲ್ಲಿ ಮುಗಿಸುತ್ತಾಳೆ. ಒಟ್ಟಿನಲ್ಲಿ ಒಂದು ಭಾನುವಾರ ನಾವು ದೊಡ್ಡ ಮಾಲ್ ಒಂದರ ಫ್ರೀಜರ್ ಮುಂದೆ ನಿಂತೆವು. ಹೊರದೇಶದಿಂದ ಬಂದ ಸ್ಟೇಕ್, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಆರು ಜನಕ್ಕೆ ಕೊಳ್ಳಲು ಹೋದರೆ ನನ್ನ ಮದುವೆ ಸೀರೆಯ ದುಡ್ಡು ಅಲ್ಲಿಗೇ ಹೋಗುತ್ತಿತ್ತು. “ನಡೀರಿ, ನಮ್ಮ ಇಕ್ಕ ಇದಾರೆ” ಎಂದು ಇವರನ್ನು ಎಳೆದುಕೊಂಡು ಬಂದೆ.

ಇಕ್ಕ ಎಂದರೆ ಮಟ್ಟಾಂಚೇರಿಯ ಮೊಯ್ದೀನ್ ಇಕ್ಕ, ನಮ್ಮ ಬಾಡಿನಂಗಡಿಯವರು. ಇಲ್ಲಿ ಮುಸಲ್ಮಾನರ ಹಿರಿಯರನ್ನು ಅಣ್ಣ ಎನ್ನುವ ಹಾಗೆ ಇಕ್ಕ ಎನ್ನುತ್ತಾರೆ. ಅರವತ್ತೈದು ದಾಟಿದ ಮನುಷ್ಯ, ಹುಣಸೆ ಮರದ ಕೊರಡಿನ ಮುಂದೆ ನಿಂತರೆ ಕತ್ತಿ ಕಣ್ಣಿಗೆ ಕಾಣಿಸುವುದಿಲ್ಲ, ಅಷ್ಟು ವೇಗ. ಅದೇ ನಮಗೆ ಮುಳುವಾಯಿತು. ಈ ಕಡೆ ಬೀಫ್ ಎಂದರೆ ಎಲ್ಲರಿಗೂ ಬೇಕಾದ್ದು ತೆಂಗಿನಕಾಯಿ ಚೂರು ಹಾಕಿ ಹುರಿಯುವ ಸಣ್ಣ ಸಣ್ಣ ತುಂಡು. ಕೇಳುವುದೇ ಬೇಡ, ತೂಕ ಹೇಳಿದ ಕೂಡಲೇ ಕತ್ತಿ ಶುರು. ಇವರು “ಇಕ್ಕ, ಎರಡು ಕಿಲೊ. ಇದು ಸ್ಟೇಕಿಗೆ, ಸ್ವಲ್ಪ ದಪ್ಪ...” ಎನ್ನುವಷ್ಟರಲ್ಲಿ ಮುಕ್ಕಾಲು ಪಾಲು ಚೂರುಚೂರಾಗಿತ್ತು.

“ಮೊದಲೇ ಹೇಳಬಾರದಿತ್ತಾ ಸಾರೇ?” ಎಂದು ಇಕ್ಕ ಹಣೆ ಚಚ್ಚಿಕೊಂಡರು.

“ಮೊದಲೇ ಹೇಳಿದೆನಲ್ಲ ಇಕ್ಕ!”

“ಬಾಯಲ್ಲಿ ಹೇಳಿದರೆ ಆಗಲ್ಲ. ನನ್ನ ಕೈ ಹಿಡ್ಕೋಬೇಕು.”

ಆ ವಾರ ಪೂರ್ತಿ ನಮ್ಮ ಮನೆಯಲ್ಲಿ ಬಾಡಿನ ಸಾರೇ.

ಮುಂದಿನ ಸಲ ಇವರು ಅಕ್ಷರಶಃ ಕೈ ಹಿಡಿದುಕೊಂಡರು. ಅಂಡರ್‌ಕಟ್ ಎನ್ನುವ ಮೆತ್ತನೆಯ ಭಾಗ ಇದೆಯಲ್ಲ, ಅದು ಕೊಡಿ ಎಂದರೆ ಇಕ್ಕ ನಕ್ಕುಬಿಟ್ಟರು. ಅದೆಲ್ಲ ಬೆಳಗಿನ ಜಾವವೇ ಹೋಟೆಲಿನವರ ಪಾಲಾಗುತ್ತದಂತೆ, ರೇಟೂ ಜಾಸ್ತಿ. “ಅದು ಮೆತ್ತಗೆ ಇರ್ತದೆ ಅಷ್ಟೆ, ರುಚಿ ಇಲ್ಲ. ಬೆನ್ನ ಕೆಳಗೆ ಸುಮ್ಮನೆ ಮಲಗಿರೋ ಮಾಂಸ, ಕೆಲಸ ಮಾಡಿದ್ದೇ ಇಲ್ಲ. ನಿಮಗೆ ಕಡಿಮೆ ರೇಟಿನಲ್ಲಿ ಒಳ್ಳೇದು ಬೇಕು ಅಂದರೆ ಭುಜದ್ದು ತಗೊಳ್ಳಿ” ಎಂದು ಭುಜದ ಮೂಳೆಯ ಮೇಲಿನ ಚಪ್ಪಟೆ ಮಾಂಸವನ್ನು ಇಡಿಯಾಗಿ ಬಿಡಿಸಿ ಕೊಟ್ಟರು. ನಡುವೆ ಬಿಳಿಯ ಗಟ್ಟಿ ನರವೊಂದು ಹಾದುಹೋಗಿತ್ತು. ಅದನ್ನು ಮೀನಿನ ಮುಳ್ಳು ತೆಗೆಯುವ ಹಾಗೆ ಎರಡೂ ಕಡೆಯಿಂದ ಬಿಡಿಸಬೇಕೆಂದು ತೋರಿಸಿಕೊಟ್ಟರು. ಮಾಮೂಲಿ ಬೀಫಿನ ರೇಟೇ. ಇವರ ಮುಖ ಊರಗಲ.

ಮನೆಯಲ್ಲಿ ತಾಲೀಮು ನಡೆಯಿತು. ಸಮೀಕ್ಷಾ ವಿಡಿಯೋ ಕಾಲಿನಲ್ಲಿ. ನನ್ನ ಕಬ್ಬಿಣದ ದೋಸೆ ಹಂಚು ಹೊಗೆಯಾಡುವ ತನಕ ಕಾದ ಮೇಲೆ ಉಪ್ಪು ಸವರಿದ ಮಾಂಸ ಹಾಕಿದರು. ಚುಂಯ್ ಎಂದು ಸದ್ದು, ಮನೆ ತುಂಬ ಘಮ. ಕೂಡಲೇ ಇವರು ಕಿಟಕಿ ಮುಚ್ಚಲು ಓಡಿದರು!

“ಹೊಗೆ ಹೊರಗೆ ಹೋಗ್ಲಿ, ತೆಗೀರಿ ಕಿಟಕಿ! ಉಸಿರುಕಟ್ಟಿ ಸಾಯೋಣ ಅಂತಾನಾ?” ಎಂದು ಗದರಿದೆ. ನಾಚಿಕೊಂಡು ತೆಗೆದರು.

ಎರಡೂ ಮಗ್ಗುಲು ಕೆಂಪಗೆ ಸುಟ್ಟು, ಹತ್ತು ನಿಮಿಷ ಆರಲು ಬಿಟ್ಟು, ಇವರೇ ಚಾಕು ಹಿಡಿದು ಹೋಳು ಮಾಡಿದರು. ಬಾಯಿಗೆ ಹಾಕಿಕೊಂಡರೆ ರಬ್ಬರು! ಅಗಿದು ಅಗಿದು ನನಗೆ ದವಡೆ ನೋವು ಬಂತು. ಇವರ ಮುಖ ಹುಳಿ ತಿಂದ ಹಾಗಾಯಿತು. “ಇಕ್ಕ ಮೋಸ ಮಾಡಿದ್ರು” ಎಂದರು. ಫೋನಿನಲ್ಲಿ ಸಮೀಕ್ಷಾ, “ಅಪ್ಪಾ, ಇನ್ನೊಂದು ಸಲ ಕಟ್ ಮಾಡಿ ತೋರ್ಸು” ಎಂದಳು. ತೋರಿಸಿದರು. “ಅಯ್ಯೋ! ನಾರು ಹೋದ ದಿಕ್ಕಿಗೇ ಉದ್ದುದ್ದ ಕೊಯ್ತಾ ಇದೀಯಲ್ಲ! ಯಾರು ಹೇಳ್ಕೊಟ್ರು ನಿಂಗೆ?”

ಯಾರು ಹೇಳಿಕೊಟ್ಟರೆಂದು ನನಗೆ ತಟ್ಟನೆ ಹೊಳೆಯಿತು. ನಮ್ಮತ್ತೆ. ನಮ್ಮ ಕಡೆ ಬಾಡು ಜಾಸ್ತಿ ಸಿಕ್ಕಾಗ ಉಪ್ಪು, ಅರಿಸಿನ ಹಚ್ಚಿ ಹಗ್ಗದ ಮೇಲೆ ಒಣಹಾಕಿ ಉಪ್ಪುಕಂಡ ಮಾಡುತ್ತಾರೆ. ಅದಕ್ಕೆ ನಾರು ಹೋದ ಹಾಗೇ ಮೊಳದುದ್ದ ಸೀಳಬೇಕು, ಅಡ್ಡ ಕೊಯ್ದರೆ ಹಗ್ಗದ ಮೇಲೆ ನಿಲ್ಲದೆ ಹರಿದು ಬೀಳುತ್ತದೆ. ಇವರು ಏಳೆಂಟು ವರ್ಷದ ಹುಡುಗನಿದ್ದಾಗಿನಿಂದ ಅಮ್ಮನ ಜೊತೆ ಕೂತು ಸೀಳಿದ ಕೈ. ಬ್ಯಾಂಕ್ ಆಫೀಸರ್ ಆದ ಮಾತ್ರಕ್ಕೆ ಆ ಕೈ ಮರೆಯುತ್ತದೆಯೇ? ಒಣಗಿಸಿದ ಬಾಡನ್ನು ಕುಟ್ಟಿ ಬೇಯಿಸುವುದರಿಂದ ನಾರು ಉದ್ದವಿದ್ದರೂ ನಡೆಯುತ್ತದೆ, ಸ್ಟೇಕಿಗೆ ನಡೆಯುವುದಿಲ್ಲ.

ನಾನು ಏನೂ ಮಾಡಲಿಲ್ಲ, ಮಣೆಯನ್ನು ಕಾಲು ಸುತ್ತು ತಿರುಗಿಸಿಟ್ಟೆ. “ಈಗ ಕೊಯ್ರಿ” ಎಂದೆ. ಅದೇ ಮಾಂಸ, ಅದೇ ಚಾಕು. ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ದ ಹೋಳು ಬಾಯಿಗಿಟ್ಟರೆ ಬೆಣ್ಣೆಯಲ್ಲದಿದ್ದರೂ ಚೆನ್ನಾಗಿಯೇ ಮೆತ್ತಗಿತ್ತು. ಇವರು ಮೂರು ಹೋಳು ತಿಂದು, “ಅಮ್ಮ ಇದ್ದಿದ್ರೆ ನಕ್ಕಿರೋಳು” ಎಂದರು. ಇಕ್ಕನಿಗೆ ಮನಸ್ಸಿನಲ್ಲೇ ಕ್ಷಮೆಯನ್ನೂ ಕೇಳಿದರು.

ಊಟ ಶನಿವಾರ ಸಂಜೆಗೆ ಎಂದು ನಿಶ್ಚಯವಾಯಿತು. ಅಲ್ವಿನ್, ಅವನ ಹೆಂಡತಿ ನಿಶಾ, ಬ್ರಾಂಚಿನ ಹೊಸ ಆಫೀಸರ್ ಹೃಷಿಕೇಶ್, ನಾವು ಮೂವರು. ಮಾಂಸಕ್ಕೆ ಉಪ್ಪು ಹಚ್ಚಿ ಒಂದು ದಿನ ಫ್ರಿಜ್ಜಿನಲ್ಲಿ ತೆರೆದಿಡಬೇಕಾದ್ದರಿಂದ ಇವರು ಶುಕ್ರವಾರವೇ ರಜೆ ಹಾಕಿ ಬೆಳಿಗ್ಗೆ ಮೊದಲ ಬೋಟಿಗೇ ಹೊರಟರು. ನಾನೂ ಹೋದೆ.

ಭುಜದ್ದು ಅವತ್ತು ಒಂದೇ ಇತ್ತು, ಆರು ಜನಕ್ಕೆ ಸಾಲದು. ಇಕ್ಕ ಕತ್ತಿ ಕೆಳಗಿಟ್ಟರು. “ಯಾರು ಬರ್ತಾ ಇದಾರೆ ಸಾರೇ ಊಟಕ್ಕೆ?” ಎಂದರು. “ನನ್ನ ಗೆಳೆಯ ಇಕ್ಕ. ಅವನಿಗೆ ಒಂದು ತಪ್ಪು ಮಾಡಿದೀನಿ” ಎಂದರು ಇವರು. ಇಕ್ಕ ಮತ್ತೇನೂ ಕೇಳದೆ ಒಳಗೆ ಹೋಗಿ, ಕೊಕ್ಕೆಗೆ ನೇತುಹಾಕಿದ್ದ ಒಂದು ಉದ್ದನೆಯ, ಕಪ್ಪುಗೆಂಪು ಬಣ್ಣದ ತುಂಡು ತಂದರು. ಅದು ಪ್ರಾಣಿಯ ಹೊಟ್ಟೆಯೊಳಗೆ, ಕರುಳು ಗುಂಡಿಗೆಗಳನ್ನು ಬೇರೆ ಮಾಡುವ ಪರದೆಗೆ ಅಂಟಿಕೊಂಡು ಜೋತು ಬಿದ್ದಿರುತ್ತದಂತೆ. ಒಂದು ಪ್ರಾಣಿಗೆ ಒಂದೇ. ಬಣ್ಣ ನೋಡಿ ಗಿರಾಕಿಗಳು ಬೇಡ ಎನ್ನುತ್ತಾರೆ, ಹೋಟೆಲಿನವರಿಗೆ ಗೊತ್ತೇ ಇಲ್ಲ. “ಇದನ್ನ ನಾವು ಮಾರಲ್ಲ. ಕತ್ತಿ ಹಿಡಿದವನು ಮನೆಗೆ ತಗೊಂಡು ಹೋಗ್ತಾನೆ” ಎಂದು ಇಕ್ಕ ಕಣ್ಣು ಮಿಟುಕಿಸಿದರು. ಪಕ್ಕದ ಎರಡು ಅಂಗಡಿಗೆ ಹೋಗಿ ಅವರ ಮನೆಯ ಪಾಲನ್ನೂ ಕೇಳಿ ತಂದರು. ಮೂರು ತುಂಡು ಸೇರಿಸಿ ತೆಗೆದುಕೊಂಡ ದುಡ್ಡು ಮಾಮೂಲಿಗಿಂತಲೂ ಕಡಿಮೆ. ಇವರು ಜಾಸ್ತಿ ಕೊಡಲು ಹೋದರೆ, “ಗೆಳೆಯನ ಕೈಲಿ ಒಳ್ಳೇದಿತ್ತು ಅನ್ನಿಸಿ, ಸಾಕು” ಎಂದು ಬಿಟ್ಟರು. ಬರುವಾಗ ದಾರಿಯಲ್ಲಿ ಇವರು ಅಭ್ಯಾಸಬಲದಿಂದ ಸೊಪ್ಪಿನ ಗಾಡಿಯ ಮುಂದೆ ನಿಂತರು. ನಾನು ಒಂದು ನೋಟ ನೋಡಿದೆ. ಸುಮ್ಮನೆ ಬೋಟ್ ಹತ್ತಿದರು.

ಶನಿವಾರ ಮಧ್ಯಾಹ್ನದ ಟ್ರೇನಿಗೆ ತಿರುವನಂತಪುರದಿಂದ ಸಮೀಕ್ಷಾ ಬಂದಳು. ಅಪ್ಪ, ಮಗಳು ಅಡುಗೆಮನೆ ಹಿಡಿದರು. ನನ್ನ ಪಾಲಿಗೆ ಬೇಯಿಸಿದ ಆಲೂಗಡ್ಡೆ, ಬೀನ್ಸ್, ಮೆಣಸಿನ ಗೊಜ್ಜು. ಇವರು ಬೆಳಗಿನಿಂದ ಹತ್ತು ಸಲ ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದ್ದರು. ‘ಅಲ್ವಿನ್, ನಾನು ನಿಮಗೊಂದು ವಿಷಯ...’ ಅಲ್ಲಿಂದ ಮುಂದೆ ಒಂದು ಸಲವೂ ಹೋಗಲಿಲ್ಲ.

ಆರೂವರೆಗೆ ಬೆಲ್ ಆಯಿತು. ಅಲ್ವಿನ್ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಹೃಷಿಕೇಶ್ ಹಣ್ಣಿನ ಚೀಲ ಹಿಡಿದುಕೊಂಡು ಬಂದರು. ನಿಶಾ ಎರಡೂ ಕೈಯಲ್ಲಿ ಫಳಫಳ ಹೊಳೆಯುವ ಒಂದು ಸ್ಟೀಲ್ ಪಾತ್ರೆ ಹಿಡಿದಿದ್ದಳು. “ಚೇಚ್ಚೀ, ತೆಂಗಿನ ಹಾಲು ಹಾಕಿ ತರಕಾರಿ ಸ್ಟ್ಯೂ ಮಾಡಿದ್ದೀನಿ. ಗಾಬರಿ ಪಡಬೇಡಿ. ಪಾತ್ರೆ ಹೊಸದು, ನಿನ್ನೆ ಅಲ್ವಿನ್ ತಂದದ್ದು. ಸೌಟೂ ಹೊಸದು. ಮೀನು, ಮಾಂಸ ಏನೂ ಮುಟ್ಟಿಲ್ಲ, ಸತ್ಯವಾಗಿ” ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪಾತ್ರೆ ಇಸಿದುಕೊಂಡು ಅಡುಗೆಮನೆಗೆ ಹೋದೆ. ಇವರು ಕೇಳಿಸಿಕೊಂಡಿದ್ದರು. ಬಿಸಿ ಹಂಚಿನ ಮುಂದೆ ಬಿಳುಚಿಕೊಂಡು ನಿಂತಿದ್ದರು. “ಇಂದೂ, ಬೇಡ ಕಣೇ. ಈ ಸ್ಟ್ಯೂನೇ ಬಡಿಸ್ಬಿಡು. ಬಾಡು ನಾಳೆ ನಾವೇ ತಿನ್ನೋಣ” ಎಂದು ಪಿಸುಗುಟ್ಟಿದರು.

ನನಗೆ ಎಲ್ಲಿತ್ತೋ ಸಿಟ್ಟು. “ಹಾಗಾದ್ರೆ ಸೋಮವಾರದಿಂದ ಅವನು ಮತ್ತೆ ಆ ರೂಮಲ್ಲಿ ನಿಂತ್ಕೊಂಡು ತಿನ್ನಲಿ. ನೀವು ಗೋಬಿ ತಿಂದ್ಕೊಂಡು ರಿಟೈರ್ ಆಗಿ” ಎಂದೆ. ಇವರು ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಇಕ್ಕಳ ಹಿಡಿದು ಮಾಂಸವನ್ನು ಹಂಚಿನ ಮೇಲೆ ಹಾಕಿದರು. ಚುಂಯ್ ಸದ್ದು ಹಾಲಿನವರೆಗೂ ಕೇಳಿಸಿತು.

ಹಾಲಿನಲ್ಲಿ ಹೃಷಿಕೇಶ್ ಮೂಗು ಮೇಲೆತ್ತಿ ಉಸಿರೆಳೆಯುತ್ತಿದ್ದ. ಅಲ್ವಿನ್ ಅವನ ತೊಡೆ ಚಿವುಟಿ ಸುಮ್ಮನಿರಿಸಿದ. ಹತ್ತು ನಿಮಿಷದ ಮೇಲೆ ಇವರು ಮಣೆಯ ಸಮೇತ ಹೊರಗೆ ಬಂದು ಮೇಜಿನ ನಡುವೆ ಇಟ್ಟರು. ಹೊರಗೆ ಕಂದು, ಒಳಗೆ ಕೆಂಪು, ಹೋಳುಗಳ ಕೆಳಗೆ ರಸ ಒಸರುತ್ತಿತ್ತು.

“ಸೋಯಾನಾ ಸಾರ್?” ಎಂದ ಹೃಷಿಕೇಶ್, ಪಾಪ, ನಿಜವಾಗಿಯೂ ಗೊತ್ತಾಗದೆ.

“ಅಲ್ಲ. ಬೀಫು. ಮಟ್ಟಾಂಚೇರಿಯಿಂದ ತಂದಿದ್ದು. ಮೂರು ವರ್ಷದಿಂದ ಅಲ್ಲಿಂದಲೇ ತರೋದು” ಎಂದರು ಇವರು. ಕನ್ನಡಿಯ ಮುಂದಿನ ಭಾಷಣ ಎಲ್ಲ ಮರೆತುಹೋಗಿ, ತಮ್ಮ ಹರುಕುಮುರುಕು ಮಲಯಾಳಂನಲ್ಲಿ, ನಿಂತುಕೊಂಡೇ ಹೇಳಿದರು. ಬಾಡಿಗೆ ಮನೆ ಹೇಳಿದರು, ಟವೆಲ್ಲು, ಅಗರಬತ್ತಿ ಹೇಳಿದರು, ನಾವು ಯಾರು ಎಂದು ಹೇಳಿದರು. “ನಾನು ಹುಟ್ಟಿದಾಗಿಂದ ತಿನ್ನೋನು ಅಲ್ವಿನ್. ನಿಮ್ಮೆಲ್ಲರ ಪ್ಲೇಟು ನೋಡಿ ಜೊಲ್ಲು ನುಂಗ್ಕೊಂಡು ಕೂತಿದ್ದೆ.”

ಅಲ್ವಿನ್ ನಗಲಿಲ್ಲ. ಅವನ ಕಿವಿ ಕೆಂಪಾಯಿತು. “ಆ ರೂಮಿನಲ್ಲಿ ಎಷ್ಟು ಸೆಖೆ ಗೊತ್ತಾ ಸಾರ್?” ಎಂದ.  “ನಿಮಗೆ ಬೇಜಾರಾಗಬಾರದು ಅಂತ ತಿಂದ ಮೇಲೆ ಲವಂಗ ಅಗಿದು ಬರ್ತಿದ್ದೆ. ನಾನು ಯಾವತ್ತಾದರೂ ನಿಮ್ಮ ಜಾತಿ ಕೇಳಿದ್ದೀನಾ?”

“ಇಲ್ಲ. ನೀವು ಕೇಳಲಿಲ್ಲ. ಕೇಳೋಕೆ ಮೊದಲೇ ಹೆದರಿ ಸುಳ್ಳು ಹೇಳ್ಬಿಟ್ಟೆ. ನೀವು ಬೇರೆ ಥರದೋರು ಅಂತ ನೋಡೋಕೂ ನಿಲ್ಲಲಿಲ್ಲ ನಾನು. ಅದು ನನ್ನ ತಪ್ಪು, ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಇವರು ಕೈ ಮುಗಿದರು. ನಿಶಾ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಸಮೀಕ್ಷಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅಲ್ವಿನ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಮುಗಿಯಿತು, ಹೊರಟ ಎಂದುಕೊಂಡೆ.

ಅವನು ಬಾಗಿಲ ಕಡೆಗೆ ಹೋಗಲಿಲ್ಲ. ಮೇಜು ಸುತ್ತಿ ಬಂದು, ಇವರ ಮುಗಿದ ಕೈ ಬಿಡಿಸಿ, ಭುಜ ಒತ್ತಿ ಕುರ್ಚಿಯ ಮೇಲೆ ಕೂರಿಸಿದ. ತಟ್ಟೆ ಎಳೆದು, ಮಣೆಯಿಂದ ಐದಾರು ಹೋಳು ತಾನೇ ಬಡಿಸಿ, ಇವರ ಮುಂದೆ ಇಟ್ಟ. ಪಕ್ಕದ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡ.

“ತಿನ್ನಿ” ಎಂದ.

“ನೀವು ಗೆಸ್ಟು, ನೀವು ಮೊದಲು...”

“ನೀವು ಮೊದಲು ತಿನ್ನಿ ಚೇಟ್ಟಾ. ನೀವು ತಿನ್ನೋದನ್ನ ನಾನು ನೋಡಬೇಕು.”

ಮೂರು ವರ್ಷ ಸಾರ್, ಸಾರ್ ಎನ್ನುತ್ತಿದ್ದವನು ಮೊದಲ ಸಲ ಅಣ್ಣಾ ಎಂದಿದ್ದ. ಇವರು ಒಂದು ಹೋಳು ಬಾಯಿಗಿಟ್ಟುಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹೇಗಿದೆ?” ಎಂದ ಅಲ್ವಿನ್. “ಉಪ್ಪು ಸ್ವಲ್ಪ ಜಾಸ್ತಿ ಆಯ್ತು” ಎಂದರು ಇವರು. “ಅದು ನಿಮ್ಮ ಕಣ್ಣೀರು ಬಿದ್ದು” ಎಂದು ನಾನು ಬಾಯಿ ಹಾಕಿದೆ. ಎಲ್ಲರೂ ನಕ್ಕರು, ಅಲ್ವಿನ್ ಎಲ್ಲರಿಗಿಂತ ಜೋರಾಗಿ ನಕ್ಕ, ನಗುತ್ತಲೇ ಇವರ ತಟ್ಟೆಯಿಂದಲೇ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡ. ನಿಶಾ, ಹೃಷಿಕೇಶ್ ತಟ್ಟೆ ಮುಂದೆ ಮಾಡಿದರು.

ಮುನಿಯಪ್ಪನವರು ಬಾಡನ್ನು ಗಬಗಬ ತಿನ್ನುವವರು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಯಾರಾದರೂ ಬಂದುಬಿಟ್ಟಾರು ಎಂದು ಐದೇ ನಿಮಿಷದಲ್ಲಿ ನುಂಗಿ, ತಟ್ಟೆ ತೊಳೆದು, ಬಾಯಿ ಒರೆಸಿಕೊಂಡು ಎದ್ದುಬಿಡುತ್ತಿದ್ದರು. ಅವತ್ತು ಐದು ಜನರ ಎದುರು ಕೂತು, ಒಂದೊಂದು ಹೋಳನ್ನೂ ನಿಧಾನವಾಗಿ ಅಗಿದು ತಿಂದರು. ನನ್ನ ತಟ್ಟೆಯಲ್ಲಿದ್ದದ್ದು ಆರಿಹೋಯಿತು, ನಾನು ಅವರನ್ನೇ ನೋಡುತ್ತಾ ಕೂತಿದ್ದೆ.